‘ಹೌದು’ ಅಂದವರ ಹೆಸರು ಎಲ್ಲಿದೆ?

ಕರ್ನಾಟಕ ವಿಧಾನಸಭೆಯಲ್ಲಿ ಮಸೂದೆಯೊಂದು ಪಾಸಾಗುವುದನ್ನು ಒಮ್ಮೆಯಾದರೂ ಯೂಟ್ಯೂಬಿನಲ್ಲಿ ನೋಡಿ. ಸಭಾಧ್ಯಕ್ಷರು ಪ್ರಸ್ತಾವ ಓದುತ್ತಾರೆ. ಪರ ಇರುವವರು ‘ಹೌದು’ ಅನ್ನಬೇಕು, ವಿರೋಧ ಇರುವವರು ‘ಇಲ್ಲ’ ಅನ್ನಬೇಕು. ಎರಡೂ ಕಡೆಯಿಂದ ಒಂದಿಷ್ಟು ದನಿ ಏಳುತ್ತದೆ. ಯಾವ ಕಡೆಯ ದನಿ ಹೆಚ್ಚು ಅಂತ ಸಭಾಧ್ಯಕ್ಷರೇ ತೀರ್ಮಾನಿಸಿ ‘ಅಂಗೀಕಾರವಾಗಿದೆ’ ಅಂದುಬಿಡುತ್ತಾರೆ. ನಿಮ್ಮ ಕೈಯಲ್ಲಿನ ಚಹಾ ಆರುವುದರೊಳಗೆ ಕೆಲಸ ಮುಗಿದಿರುತ್ತದೆ. ಇದಕ್ಕೆ ಧ್ವನಿಮತ ಅಂತಾರೆ. ಇದರಲ್ಲಿ ದನಿ ಉಂಟು, ಹೆಸರಿಲ್ಲ.

ನಾನು ಗದಗ ಜಿಲ್ಲೆಯ ಮುಶಿಗೇರಿಯವನು. ಮೊದಲು ನಮ್ಮದು ರೋಣ ತಾಲೂಕು, ಈಗ ಗಜೇಂದ್ರಗಡ. ವಿಧಾನಸಭೆಗೆ ರೋಣ ಕ್ಷೇತ್ರ, ಲೋಕಸಭೆಗೆ ಹಾವೇರಿ. ಹೊಟ್ಟೆಪಾಡು ಬೆಂಗಳೂರಿನಲ್ಲಿ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದಾಗ ಈ ಎರಡು ಊರುಗಳ ನಡುವೆ ನಾನು ಸಿಕ್ಕಿಕೊಂಡೆ. ರೈತರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಕಲಂಗಳು ಹೋದವು. ಆಫೀಸಿನ ಗೆಳೆಯರು ‘ನಿಮ್ಮೂರ ಕಡೆ ಎಕರೆ ಎಷ್ಟಿದೆ ಮಗಾ?’ ಅಂತ ಕೇಳತೊಡಗಿದರು. ಊರಿಗೆ ಫೋನ್ ಮಾಡಿದರೆ ನಮ್ಮ ಕಾಕಾನದು ಬೇರೆಯೇ ಚಿಂತೆ.

‘ಇನ್ನ ಎರಿ ಹೊಲ ಯಾರು ಬೇಕಾದವ್ರು ತಗೋಬಹುದಂತಲ್ಲೋ ತಮ್ಮಾ. ನಮ್ಮ ಎಮ್ಮೆಲ್ಲೆ ಸಾಹೇಬ್ರು ಅವತ್ತ ಹೌದು ಅಂದ್ರೋ, ಇಲ್ಲ ಅಂದ್ರೋ? ನೀ ಕಂಪ್ಯೂಟರಿನ್ಯಾಗ ನೋಡಿ ಹೇಳು.’

ಪ್ರಶ್ನೆ ಸರಳವಾಗಿತ್ತು. ಉತ್ತರ ಮಾತ್ರ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಆ ಸೆಪ್ಟೆಂಬರಿನಲ್ಲಿ ವಿಧಾನಸಭೆ ಮಸೂದೆಯನ್ನು ಧ್ವನಿಮತದಿಂದ ಒಪ್ಪಿತ್ತು. ಆಗ ರೋಣದ ಶಾಸಕರು ಆಡಳಿತ ಪಕ್ಷವಾದ ಬಿಜೆಪಿಯ ಕಳಕಪ್ಪ ಬಂಡಿಯವರು. ಹಾಗಾಗಿ ಪರವೇ ಇದ್ದಿರಬೇಕು ಅಂತ ನೀವು ಊಹಿಸಬಹುದು. ಆದರೆ ಅದು ಪಕ್ಷ ನೋಡಿ ಮಾಡಿದ ಊಹೆ, ದಾಖಲೆ ಅಲ್ಲ. ಇದೇ ಮಸೂದೆ ಡಿಸೆಂಬರ್ 8ರಂದು ವಿಧಾನ ಪರಿಷತ್ತಿನಲ್ಲಿ ಮತಕ್ಕೆ ಹೋದಾಗ 37 ಪರ, 21 ವಿರುದ್ಧ ಅಂತ ಎಣಿಕೆ ಸಿಕ್ಕಿತು. ಒಂದೇ ಕಾಯ್ದೆಗೆ ಒಂದು ಮನೆಯಲ್ಲಿ ಲೆಕ್ಕ, ಇನ್ನೊಂದು ಮನೆಯಲ್ಲಿ ಬರೀ ಸದ್ದು.

ಮತ ಹಾಕಿದವರ ಹೆಸರು ಬರೆದಿಡುವ ಪದ್ಧತಿ ಸುಮ್ಮನೆ ಹುಟ್ಟಿದ್ದಲ್ಲ. ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಸಂಸತ್ತಿನ ಮಾತುಕತೆಯನ್ನು ಅಚ್ಚು ಹಾಕುವುದೇ ಅಪರಾಧವಾಗಿತ್ತು. 1771ರಲ್ಲಿ ಲಂಡನ್ನಿನ ಮುದ್ರಕರನ್ನು ಬಂಧಿಸಲು ಹೋಗಿ ದೊಡ್ಡ ರಂಪವೇ ಆಯಿತು. ಯಾರು ಯಾವ ಕಡೆ ಮತ ಹಾಕಿದರು ಅನ್ನುವ ಪಟ್ಟಿಯನ್ನು ಹೌಸ್ ಆಫ್ ಕಾಮನ್ಸ್ ತಾನಾಗಿ ಪ್ರಕಟಿಸತೊಡಗಿದ್ದು 1836ರಲ್ಲಿ. ನಮ್ಮ ಲೋಕಸಭೆಗೆ ಗುಂಡಿ ಒತ್ತುವ ಮತಯಂತ್ರ ಬಂದದ್ದು 1957ರಲ್ಲಿ. ಗುಂಡಿ ಒತ್ತಿದರೆ ಹೆಸರು ದಾಖಲಾಗುತ್ತದೆ. ಆದರೆ ಸದಸ್ಯರು ‘ಡಿವಿಷನ್’ ಕೇಳಿದರೆ ಮಾತ್ರ ಆ ಯಂತ್ರಕ್ಕೆ ಕೆಲಸ. ಕೇಳದಿದ್ದರೆ ಅಲ್ಲಿಯೂ ಧ್ವನಿಮತವೇ. ಕೆಲವೊಮ್ಮೆ ಕೇಳಿದರೂ ಸಿಗುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳಿಗೆ ವಿರೋಧ ಪಕ್ಷಗಳು ಡಿವಿಷನ್ ಕೇಳಿದವು. ಗದ್ದಲದ ನಡುವೆ, ಸದಸ್ಯರು ತಮ್ಮ ಜಾಗದಲ್ಲಿಲ್ಲ ಅನ್ನುವ ಕಾರಣಕ್ಕೆ, ಅವೂ ಧ್ವನಿಮತದಲ್ಲೇ ಪಾಸಾದವು.

ಈಗ ನಮ್ಮ ಕಡೆಯ ಕಥೆಗೆ ಬರೋಣ. ಮುಶಿಗೇರಿಯಷ್ಟೇ ಹಳೆಯ ರೋಣ ತಾಲೂಕಿಗೆ ಸೇರಿದ ಇನ್ನೊಂದು ಊರು ಜಕ್ಕಲಿ. ಅಲ್ಲಿಯ ಅಂದಾನಪ್ಪ ದೊಡ್ಡಮೇಟಿಯವರ ಹೆಸರನ್ನು ನವೆಂಬರ್ 1ರಂದಾದರೂ ಕೇಳಿರುತ್ತೀರಿ. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿ, ಗುಜರಾತಿ ಸದಸ್ಯರೇ ತುಂಬಿದ ಮುಂಬಯಿ ಶಾಸನಸಭೆಯಲ್ಲಿ 1947ರಲ್ಲಿ ಕನ್ನಡಿಗರಿಗೆ ಪ್ರತ್ಯೇಕ ಪ್ರಾಂತ ಬೇಕು ಅಂತ ಠರಾವು ಮಂಡಿಸಿದವರು ಇವರು. ಠರಾವೇನೋ ಪಾಸಾಯಿತು, ಪ್ರಾಂತ ಬರಲಿಲ್ಲ. ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡು ಆಂಧ್ರಕ್ಕೆ ದಾರಿಯಾದ ಮೇಲೂ ಕರ್ನಾಟಕದ ಮಾತು ಮುಂದಕ್ಕೆ ಹೋಗಲಿಲ್ಲ. ಆಗ, 1953ರಲ್ಲಿ, ದೊಡ್ಡಮೇಟಿಯವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಜಕ್ಕಲಿಯಲ್ಲಿ ಉಪವಾಸ ಕೂತರು. ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತದ್ದೂ ಅದೇ ವರ್ಷ.

ರಾಜೀನಾಮೆ ಅಂದರೆ ರೆಸಾರ್ಟು ನೆನಪಾಗುವ ತಲೆಮಾರು ನಮ್ಮದು. ಆದ್ದರಿಂದ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ದೊಡ್ಡಮೇಟಿ ಕಾಂಗ್ರೆಸ್ಸಿನವರು, ಮುಂಬಯಿಯಲ್ಲೂ ದಿಲ್ಲಿಯಲ್ಲೂ ಸರ್ಕಾರ ಕಾಂಗ್ರೆಸ್ಸಿನದೇ. ತಮ್ಮದೇ ಪಕ್ಷವನ್ನು ಮುಜುಗರಕ್ಕೆ ಸಿಲುಕಿಸುವ ವಿಷಯವನ್ನು ಅವರು ಸದನದಲ್ಲಿ ಎತ್ತಿದರು, ಸದನದಿಂದ ಆಗದಾಗ ಹೊರಗೆ ಬಂದರು. 1956ರಲ್ಲಿ ಏಕೀಕರಣವಾದ ಮೇಲೂ ರಾಜ್ಯಕ್ಕೆ ‘ಮೈಸೂರು’ ಅನ್ನುವ ಹೆಸರೇ ಉಳಿದಾಗ, ‘ಕರ್ನಾಟಕ’ ಆಗಲೇಬೇಕು ಅಂತ ಪಟ್ಟು ಹಿಡಿದರು. 1973ರ ನವೆಂಬರ್ 1ರಂದು ಹೆಸರು ಬದಲಾಯಿತು. ಅದನ್ನು ನೋಡಲು ಅವರಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಒಬ್ಬ ಶಾಸಕ ಎಲ್ಲಿ ನಿಂತಿದ್ದ ಅನ್ನುವುದು ಎಪ್ಪತ್ತು ವರ್ಷದ ಮೇಲೂ ನಮಗೆ ಗೊತ್ತಾಗುವುದು ಹೀಗೆ. ಠರಾವಿಗೆ ಮಂಡಿಸಿದವರ ಹೆಸರಿರುತ್ತದೆ, ರಾಜೀನಾಮೆಗೆ ಸಹಿ ಇರುತ್ತದೆ. ಅವರ ಕಾಲಕ್ಕೂ ಧ್ವನಿಮತ ಇತ್ತು. ಆದರೆ ಪಕ್ಷದ ಮಾತು ಮೀರಿದರೆ ಕುರ್ಚಿಯೇ ಹೋಗುತ್ತದೆ ಅನ್ನುವ ಕಾನೂನು ಇರಲಿಲ್ಲ.

ಆ ಕಾನೂನು ಬಂದದ್ದು 1985ರಲ್ಲಿ, ಸಂವಿಧಾನದ 52ನೇ ತಿದ್ದುಪಡಿಯಾಗಿ. ಬೆಳಿಗ್ಗೆ ಒಂದು ಪಕ್ಷ, ಸಂಜೆಗೆ ಇನ್ನೊಂದು ಅನ್ನುವ ಆಯಾರಾಂ ಗಯಾರಾಂ ಕಾಟಕ್ಕೆ ಮದ್ದು ಬೇಕಿತ್ತು ನಿಜ. ಆದರೆ ಮದ್ದು ಬರೀ ಪಕ್ಷ ಬಿಡುವುದಕ್ಕಷ್ಟೇ ಅಲ್ಲ, ಮತಕ್ಕೂ ಹತ್ತಿತು. ಪಕ್ಷದ ವಿಪ್ ವಿರುದ್ಧ ಮತ ಹಾಕಿದರೆ, ಅಥವಾ ಮತ ಹಾಕದೆ ಸುಮ್ಮನಿದ್ದರೆ, 15 ದಿನದೊಳಗೆ ಪಕ್ಷ ಕ್ಷಮಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಬ್ರಿಟನ್ನಿನಲ್ಲಿ ವಿಪ್ ಮೀರಿದ ಸಂಸದನನ್ನು ಪಕ್ಷ ಹೊರಗೆ ಹಾಕಬಹುದು, ಕುರ್ಚಿ ಕಿತ್ತುಕೊಳ್ಳಲಾಗದು. ನಮ್ಮಲ್ಲಿ ಕುರ್ಚಿಯೇ ಹೋಗಬಹುದು. ಹಾಗಾಗಿ ವಿಪ್ ಇದ್ದ ದಿನದ ಮತಗಳ ಪಟ್ಟಿ ಪೂರ್ತಿ ಸಿಕ್ಕರೂ ಅದು ಬಹುಪಾಲು ಪಕ್ಷದ ದಾಖಲೆ, ಮನುಷ್ಯನ ದಾಖಲೆ ಅಲ್ಲ.

ಆ ಕಾಯ್ದೆ ಬಂದು ನಾಲ್ಕೇ ವರ್ಷಕ್ಕೆ ಕರ್ನಾಟಕ ದೇಶಕ್ಕೇ ಒಂದು ಪಾಠ ಕೊಟ್ಟಿತು. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರ ನಂತರ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದರು. 1989ರ ಏಪ್ರಿಲ್ 15ರಂದು ಸಂಪುಟಕ್ಕೆ 13 ಜನರನ್ನು ಸೇರಿಸಿಕೊಂಡರು. ಎರಡೇ ದಿನಕ್ಕೆ ಕೆ.ಆರ್. ಮೊಳಕೇರಿ ಅನ್ನುವ ಶಾಸಕರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ತಮ್ಮ ಬೆಂಬಲ ವಾಪಸ್ ಅಂತ ಪತ್ರ ಕೊಟ್ಟರು. ಮರುದಿನ ತಂದಿತ್ತದ್ದು 19 ಪತ್ರಗಳನ್ನು. ರಾಜ್ಯಪಾಲರು ಸಹಿ ತಾಳೆ ನೋಡಿಸಿ, 19ರಂದು ಸರ್ಕಾರಕ್ಕೆ ಬಹುಮತ ಇಲ್ಲ ಅಂತ ದಿಲ್ಲಿಗೆ ವರದಿ ಕಳಿಸಿದರು. 20ರಂದು ಆ 19 ಜನರಲ್ಲಿ 7 ಮಂದಿ, ತಪ್ಪು ಹೇಳಿ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಪರವೇ ಇದ್ದೇವೆ ಅಂತ ಬರೆದರು. ಅಧಿವೇಶನ ಕರೆಯುತ್ತೇವೆ, ಬೇಕಾದರೆ ಇನ್ನೂ ಬೇಗ ಕರೆಯುತ್ತೇವೆ, ಅಲ್ಲೇ ಎಣಿಸಿ ಅಂತ ಬೊಮ್ಮಾಯಿ ಹೇಳಿದರು. ಏಪ್ರಿಲ್ 21ರಂದು ಸರ್ಕಾರವೇ ವಜಾ ಆಯಿತು.

ಆ ವಾರ ಶಾಸಕರ ಮತ ಎಣಿಸಿದ್ದು ರಾಜಭವನದಲ್ಲಿ, ಕಾಗದ ನೋಡಿ. ಧ್ವನಿಮತದಲ್ಲಿ ಹೆಸರಿಲ್ಲದ ದನಿ ಇದ್ದರೆ, ಇಲ್ಲಿ ದನಿಯಿಲ್ಲದ ಹೆಸರುಗಳು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ವಜಾ ತಪ್ಪು ಅಂದಿತು. ಸರ್ಕಾರದ ಬಲ ಪರೀಕ್ಷೆಯಾಗಬೇಕಾದ ಜಾಗ ಸದನ, ರಾಜ್ಯಪಾಲರ ಮನಸ್ಸಲ್ಲ. ಬೊಮ್ಮಾಯಿಯವರಿಗೆ ಕುರ್ಚಿಯೇನೂ ವಾಪಸ್ ಬರಲಿಲ್ಲ. ಆದರೆ ಇವತ್ತು ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ಟಿವಿಯಲ್ಲಿ ಅವರ ಹೆಸರು ಬರುತ್ತದೆ. ಅವರ ಮಗ ಬಸವರಾಜ ಬೊಮ್ಮಾಯಿ 2024ರಿಂದ ಹಾವೇರಿಯ ಸಂಸದ, ಅಂದರೆ ಮುಶಿಗೇರಿಗೂ ಸಂಸದ.

ಸದನದಲ್ಲೇ ಎಣಿಸಿದರೆ ಎಲ್ಲ ಗೊತ್ತಾಗುತ್ತದೆಯೇ? 2019ರ ಜುಲೈ 23 ನೆನಪಿಸಿಕೊಳ್ಳಿ. ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ. ಶಾಸಕರು ಸಾಲುಸಾಲಾಗಿ ಎದ್ದು ನಿಂತರು, ತಲೆ ಎಣಿಸಲಾಯಿತು. 99 ಪರ, 105 ವಿರುದ್ಧ, ಸರ್ಕಾರ ಬಿತ್ತು. ಬಿಜೆಪಿಯ ಬಲ ಆಗ ಸರಿಯಾಗಿ 105. ಹಾಗಾಗಿ ರೋಣದ ಮತ ಎಲ್ಲಿ ಬಿತ್ತು ಅಂತ ನಾವು ಹೇಳಬಹುದು, ಆದರೆ ಲೆಕ್ಕ ಕೂಡಿಸಿ ಕಳೆದು. ರಾಜ್ಯದ ಅಷ್ಟು ದೊಡ್ಡ ದಿನದಲ್ಲೂ ಮತದಾರನ ಕೈಗೆ ಬಂದದ್ದು ಎರಡು ಅಂಕಿ.

ಹಾಗಾದರೆ ನಮ್ಮ ಪ್ರತಿನಿಧಿಯ ಬೆನ್ನು ಹತ್ತುವುದು ಹೇಗೆ? ಸಂಸದರ ವಿಷಯದಲ್ಲಿ ದಾರಿ ಸಲೀಸು. 2005ರಲ್ಲಿ ಶುರುವಾದ ಪಿಆರ್‌ಎಸ್ ಅನ್ನುವ ಸಂಸ್ಥೆ ಪ್ರತಿ ಸಂಸದರ ಹಾಜರಿ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆ, ಮಂಡಿಸಿದ ಖಾಸಗಿ ಮಸೂದೆಗಳ ಲೆಕ್ಕ ಇಡುತ್ತದೆ. ಆದರೆ ಅಂಕಿಗಳನ್ನು ಕ್ರಿಕೆಟ್ ಸ್ಕೋರಿನ ಹಾಗೆ ಓದಬೇಡಿ. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅವರ ಸೊನ್ನೆ ಸೋಮಾರಿತನ ಅಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರಕ್ಕೆ ಜಾಗ, 230 ಚುಕ್ಕೆ ಇಲ್ಲದವಕ್ಕೆ ಲಿಖಿತ ಉತ್ತರ. ಮಂತ್ರಿಯನ್ನು ಎದ್ದು ನಿಲ್ಲಿಸಿ ಉಪಪ್ರಶ್ನೆ ಕೇಳಿದ್ದಕ್ಕೂ, ಕಚೇರಿಯವರು ಬರೆದುಕೊಟ್ಟ ಇನ್ನೂರು ಪ್ರಶ್ನೆ ಕಳಿಸಿದ್ದಕ್ಕೂ ಪಟ್ಟಿಯಲ್ಲಿ ಒಂದೇ ತೂಕ. ಸಂಖ್ಯೆ ಬಿಟ್ಟು ವಿಷಯ ಹುಡುಕಿ. ನಮ್ಮ ಕಡೆಯವರಾದರೆ ‘ಮಹದಾಯಿ’, ‘ಕಡಲೆ ಖರೀದಿ’, ‘ಬೆಳೆ ವಿಮೆ’ ಅಂತ ಹಾಕಿ ನೋಡಬಹುದು.

ಶಾಸಕರದ್ದು ಕಷ್ಟ. ವಿಧಾನಸಭೆಯ ನಡವಳಿ ಮುದ್ರಣವಾಗುತ್ತದೆ, ಜಾಲತಾಣದಲ್ಲೂ ಸಿಗುತ್ತದೆ, ಆದರೆ ತಾಳ್ಮೆ ಬೇಕು. ಪ್ರಶ್ನೋತ್ತರ, ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ, ಇವುಗಳಲ್ಲಿ ಮಾತ್ರ ಹೆಸರು ಹಿಡಿದು ಹುಡುಕಬಹುದು. ಇದನ್ನು ಕಾಕಾನಿಗೆ ವಿವರಿಸಿದರೆ ಅವನು ನಕ್ಕ. ‘ಅಲ್ಲೋ ತಮ್ಮಾ, ಅವ್ರು ಅಲ್ಲಿ ಮಾತಾಡಿದ್ರ ಇಲ್ಲಿ ಗಟಾರ ಆಕ್ಕೈತೇನು?’ ಅವನ ಮಾತಿನಲ್ಲೂ ಹುರುಳಿದೆ. ವರ್ಷಕ್ಕೆ ಸಂಸದರಿಗೆ 5 ಕೋಟಿ, ಶಾಸಕರಿಗೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ. ಊರಿನ ಕಣ್ಣಿಗೆ ಕಾಣುವುದು ಅದೇ, ಸಮುದಾಯ ಭವನ, ಹೈಮಾಸ್ಟ್ ದೀಪ, ಕಲ್ಲಿನ ಮೇಲಿನ ಹೆಸರು. ಭವನಕ್ಕೆ ಹೆಸರು ಕೆತ್ತುತ್ತಾರೆ, ಹೊಲದ ಹಣೆಬರಹ ಬರೆಯುವ ಕಾಯ್ದೆಗೆ ಹೆಸರಿಲ್ಲ.

ಇದಕ್ಕೆ ಸಂವಿಧಾನ ತಿದ್ದುಪಡಿಯೇ ಬೇಕಿಲ್ಲ. ಧ್ವನಿಮತದ ತೀರ್ಮಾನ ಒಪ್ಪದ ಸದಸ್ಯರು ಡಿವಿಷನ್ ಕೇಳುವ ಅವಕಾಶ ಈಗಲೂ ಇದೆ. ವಿರೋಧ ಪಕ್ಷಗಳು ಬಾವಿಗಿಳಿದು ಕೂಗುವುದರ ಬದಲು, ತಮ್ಮ ಜಾಗದಲ್ಲಿ ಕೂತು ಅದನ್ನು ಕೇಳಬಹುದು. ಆಡಳಿತ ಪಕ್ಷಕ್ಕೆ ತನ್ನ ಮಸೂದೆಯ ಮೇಲೆ ನಂಬಿಕೆ ಇದ್ದರೆ ಹೆಸರು ಬರೆಸಲು ಹೆದರಿಕೆ ಯಾಕೆ? ವಿಪ್‌ಗೆ ತಲೆಬಾಗಿಯೇ ಹಾಕಿದ ಮತವಾದರೂ ಸರಿ, ಅದು ಹೆಸರಿನ ಮುಂದೆ ಕೂತರೆ ಐದು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅದಕ್ಕೆ ಕಾರಣ ಹೇಳಬೇಕಾಗುತ್ತದೆ. ಆಗಲೇ ಕಾಕಾನ ಪ್ರಶ್ನೆಗೆ ಉತ್ತರ ಕೊಡುವ ಜವಾಬ್ದಾರಿ ನನ್ನ ಲ್ಯಾಪ್‌ಟಾಪಿನಿಂದ ಎಮ್ಮೆಲ್ಲೆಯವರ ಹೆಗಲಿಗೆ ಹೋಗುವುದು.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸ ಸಣ್ಣದು. ಮುಂದಿನ ಬಾರಿ ನಿಮ್ಮ ಶಾಸಕರು ವಾಟ್ಸ್ಆ್ಯಪಿನಲ್ಲಿ ಭೂಮಿಪೂಜೆಯ ಫೋಟೋ ಕಳಿಸಿದಾಗ ಚಪ್ಪಾಳೆಯ ಇಮೋಜಿ ಹಾಕಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಿ: ‘ಸರ್, ಈ ಅಧಿವೇಶನದಲ್ಲಿ ಪಾಸಾದ ಮಸೂದೆಗಳಲ್ಲಿ ನೀವು ಯಾವುದಕ್ಕೆ ಹೌದು ಅಂದಿರಿ, ಯಾವುದಕ್ಕೆ ಇಲ್ಲ ಅಂದಿರಿ?’