ಕ್ರಿಸ್ಮಸ್ ಕಾಲದ ಕೊಂಕಣಿ ‘ನೈಟ್’

ಹಾಡು, ಹಾಸ್ಯ, ಕುಣಿತ ಸೇರಿದ ಕೊಂಕಣಿ ಸಂಗೀತ ರಸಮಂಜರಿಯನ್ನು ಕರಾವಳಿಯಲ್ಲಿ ನಾವು ‘ನೈಟ್’ ಎನ್ನುತ್ತೇವೆ. ಇದನ್ನು ಮನೆಮಾತಾಗಿಸಿದವರು ‘ಕೊಂಕಣ್ ಕೋಗುಳ್’ ಬಿರುದಿನ ವಿಲ್ಫಿ ರೆಬಿಂಬಸ್ (1942–2010). ಅವರ ‘ವಿಲ್ಫಿ ನೈಟ್’ಗಳು ಮಂಗಳೂರು, ಮುಂಬಯಿ ಮಾತ್ರವಲ್ಲದೆ ಕೊಲ್ಲಿ ರಾಷ್ಟ್ರಗಳಲ್ಲೂ ನಡೆದವು. ಪತ್ನಿ ಮೀನಾ, ಮಕ್ಕಳಾದ ವೀಣಾ ಮತ್ತು ವಿಶ್ವಾಸ್ ಸಹ ಅವರೊಂದಿಗೆ ವೇದಿಕೆಯಲ್ಲಿ ಹಾಡಿದವರು.

ಇಡೀ ಕುಟುಂಬ ಜೊತೆಗಿರುವ ಈ ಭಾಗ್ಯ ಎಲ್ಲ ಕಲಾವಿದರಿಗೂ ಇಲ್ಲ. ಪರವೂರಿನಲ್ಲಿ ದುಡಿಯುವವರು ರಜೆಯಲ್ಲಿ ನಿಟ್ಟೆ, ಕಾರ್ಕಳದ ಮನೆಗಳಿಗೆ ಮರಳುವ ಡಿಸೆಂಬರ್ ತಿಂಗಳೇ ಗಾಯಕರಿಗೆ, ವಾದ್ಯದವರಿಗೆ, ಧ್ವನಿವರ್ಧಕದವರಿಗೆ ದುಡಿಮೆಯ ಕಾಲ. ನಾವು ಗೋದಲಿ ಕಟ್ಟಿ, ಕುಸ್ವಾರ್ ಹಂಚುವ ಹೊತ್ತಿನಲ್ಲಿ ಅವರು ಊರಿಂದ ಊರಿಗೆ ಪ್ರಯಾಣದಲ್ಲಿರುತ್ತಾರೆ. ನಮ್ಮ ಹಬ್ಬದ ಸಂಭ್ರಮದಲ್ಲಿ, ಅವರಿಗಾಗಿ ಕಾಯುವ ಮನೆಯವರ ಪಾಲೂ ಇದೆ. ಚಪ್ಪಾಳೆ ತಟ್ಟುವಾಗ ಅವರನ್ನೂ ನೆನೆಯೋಣ.