ಅಂಗಾಂಗ ಕಸಿ: ದಾನಿಯಿಂದ ಸೋಂಕು ದಾಟುತ್ತಾ? ಮನೆಯವರು ಮುಚ್ಚಿಡಬಾರದ ಸಂಗತಿಗಳಿವು

ಕಿಡ್ನಿ, ಲಿವರ್ ಕಸಿ ಅಂದಾಕ್ಷಣ ಎಲ್ಲರೂ ಕೇಳೋದು ರಕ್ತದ ಗುಂಪು ಹೊಂದುತ್ತಾ ಅಂತ. ಆದರೆ ಅಂಗದ ಜೊತೆ ದಾನಿಯ ದೇಹದಲ್ಲಿದ್ದ ಸೋಂಕೂ ದಾಟಬಹುದು. ಇದು ಅಪರೂಪ. ಆದರೂ ದಾಟಿದರೆ ಅಪಾಯ ದೊಡ್ಡದು. ಯಾಕಂದ್ರೆ ಹೊಸ ಅಂಗವನ್ನು ದೇಹ ತಿರಸ್ಕರಿಸಬಾರದು ಅಂತ ರೋಗಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಡ್ತಾರೆ.

ಯಾವ ಪರೀಕ್ಷೆ ಮಾಡ್ತಾರೆ?

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಮುಖ್ಯವಾದವು. ಸೈಟೊಮೆಗಲೊ ವೈರಸ್ (ಸಿಎಂವಿ) ಪರೀಕ್ಷೆಯೂ ಇರುತ್ತೆ. ನಮ್ಮ ದೇಶದಲ್ಲಿ ಬಹುತೇಕ ವಯಸ್ಕರ ದೇಹದಲ್ಲಿ ಈ ವೈರಸ್ ಸದ್ದಿಲ್ಲದೆ ಇರುತ್ತದೆ. ಹಾಗಾಗಿ ಇದ್ದರೂ ದಾನ ನಿಲ್ಲುವುದಿಲ್ಲ. ಕಸಿಯಾದ ಮೇಲೆ ಕೆಲ ತಿಂಗಳು ಔಷಧ ಕೊಡಬಹುದು. ಟಿಬಿ ಬಗ್ಗೆಯೂ ವಿಚಾರಿಸುತ್ತಾರೆ.

ವರದಿ ನೆಗೆಟಿವ್ ಬಂದ್ರೆ ಸಾಕಾ?

ಸಾಲದು. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಅದು ಪರೀಕ್ಷೆಗೆ ಸಿಗುವುದಿಲ್ಲ. ನ್ಯಾಟ್ ಪರೀಕ್ಷೆ ಈ ಅವಧಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ಇಲ್ಲವಾಗಿಸುವುದಿಲ್ಲ. ಮಿದುಳು ನಿಷ್ಕ್ರಿಯಗೊಂಡ ದಾನಿಯ ವಿಷಯದಲ್ಲಿ ಸಮಯವೂ ಕೆಲವೇ ಗಂಟೆ. ಇರುವ ರೋಗಕ್ಕೆಲ್ಲ ಪರೀಕ್ಷೆ ಮಾಡೋಕಾಗಲ್ಲ.

2004ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯ ಅಂಗ ಮತ್ತು ರಕ್ತನಾಳ ಪಡೆದ ನಾಲ್ವರು ರೇಬಿಸ್‌ನಿಂದ ಸತ್ತರು. ದಾನಿಗೆ ಬಾವಲಿ ಕಚ್ಚಿತ್ತು ಅನ್ನೋದು ಗೊತ್ತಾಗಿದ್ದು ಆಮೇಲೆ. 2011ರಲ್ಲಿ ತೈವಾನ್‌ನಲ್ಲಿ ಎಚ್‌ಐವಿ ವರದಿಯನ್ನು ಫೋನ್‌ನಲ್ಲಿ ತಪ್ಪಾಗಿ ಕೇಳಿಸಿಕೊಂಡು, ಸೋಂಕಿದ್ದ ದಾನಿಯ ಅಂಗಗಳನ್ನು ಐವರಿಗೆ ಕಸಿ ಮಾಡಲಾಗಿತ್ತು. ಒಂದು ಕಡೆ ಮಾಹಿತಿ ಸಿಗಲಿಲ್ಲ, ಇನ್ನೊಂದು ಕಡೆ ಸಿಕ್ಕ ಮಾಹಿತಿ ಸರಿಯಾಗಿ ತಲುಪಲಿಲ್ಲ.

ದಾನಿಯ ಮನೆಯವರು ಏನು ಹೇಳಬೇಕು?

* ನಾಯಿ, ಬೆಕ್ಕು, ಬಾವಲಿ ಕಚ್ಚಿದ್ದು ಅಥವಾ ಪರಚಿದ್ದು; ತಿಂಗಳುಗಳ ಹಿಂದಿನದಾದರೂ ಸರಿ
* ಇತ್ತೀಚಿನ ಜ್ವರ, ಕಾರಣ ತಿಳಿಯದ ಗೊಂದಲ, ಫಿಟ್ಸ್
* ಹಿಂದೆ ಟಿಬಿ, ಕಾಮಾಲೆ ಬಂದಿದ್ದರೆ, ಪಡೆದ ಚಿಕಿತ್ಸೆ
* ರಕ್ತ ಪಡೆದದ್ದು, ಚುಚ್ಚಿಕೊಳ್ಳುವ ಮಾದಕವಸ್ತು ಬಳಕೆ

ನಿಜ ಹೇಳಿದರೆ ದಾನ ರದ್ದಾಗುತ್ತೆ ಅಂತ ಹೆದರಬೇಡಿ. ಕೆಲವು ಸೋಂಕಿದ್ದರೂ ಚಿಕಿತ್ಸೆಯ ಸಿದ್ಧತೆಯೊಂದಿಗೆ, ರೋಗಿಯ ಒಪ್ಪಿಗೆ ಪಡೆದು ಕಸಿ ಮಾಡುವುದುಂಟು. ಅದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಕಸಿ ಮಾಡಿಸಿಕೊಂಡವರ ಗಮನಕ್ಕೆ

ಜ್ವರ, ಕೆಮ್ಮು, ಭೇದಿ ಕಾಣಿಸಿಕೊಂಡರೆ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಸುಮ್ಮನಿರಬೇಡಿ. ಅದೇ ದಿನ ಕಸಿ ಮಾಡಿದ ಆಸ್ಪತ್ರೆಗೆ ತಿಳಿಸಿ. ಒಬ್ಬರಲ್ಲಿ ಸೋಂಕು ಪತ್ತೆಯಾದರೆ, ಅದೇ ದಾನಿಯಿಂದ ಅಂಗ ಪಡೆದ ಉಳಿದವರನ್ನೂ ಬೇಗ ಎಚ್ಚರಿಸಬಹುದು.