ಪೂವಿನಬಾಗೆಯ ರಾಜಾದಿತ್ಯನೂ ಲೀಲಾವತಿಯೆಂಬ ಹೆಸರೂ

ಗಣಿತಶಾಸ್ತ್ರದ ಇತಿಹಾಸದಲ್ಲಿ ಸ್ತ್ರೀಯರ ಹೆಸರುಗಳು ವಿರಳ. ಭಾರತದಲ್ಲಿ ಆ ಪ್ರಸ್ತಾಪ ಬಂದಾಗಲೆಲ್ಲ ಮೊದಲು ಕೇಳಿಬರುವುದು ಲೀಲಾವತಿಯ ಹೆಸರು. ಅದೇ ಹೆಸರಿನ ಗ್ರಂಥವೊಂದು ಕನ್ನಡದಲ್ಲಿಯೂ ಹುಟ್ಟಿತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದರ ಕರ್ತೃ ಜೈನಕವಿಯಾದ ರಾಜಾದಿತ್ಯ. ಇವನ ಜನ್ಮಸ್ಥಳವಾದ ಪೂವಿನಬಾಗೆಯನ್ನು ವಿದ್ವಾಂಸರು ಚಿಕ್ಕೋಡಿ, ಅಥಣಿಗಳ ನೆರೆಯ ರಾಯಬಾಗವೆಂದು ಗುರುತಿಸಿರುವರು. ತಂದೆ ಶ್ರೀಪತಿ, ತಾಯಿ ವಸಂತೆ, ಪತ್ನಿ ಕನಕಮಾಲೆ, ಗುರು ಶುಭಚಂದ್ರ. ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ, ಲೀಲಾವತಿ ಮೊದಲಾದುವು ಇವನ ಕೃತಿಗಳು. ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದ ತರುವಾಯ, ಲೆಕ್ಕವನ್ನು ದೇಶಭಾಷೆಯ ಸುಲಭಪದ್ಯಗಳಿಗೆ ಇಳಿಸಿದ ಕೀರ್ತಿ ಇವನದು.

ಕವಿಯ ಕಾಲದ ವಿಷಯದಲ್ಲಿ ಭಿನ್ನಾಭಿಪ್ರಾಯಗಳುಂಟು. ಹೊಯ್ಸಳ ವಿಷ್ಣುವರ್ಧನನ ಸಮಕಾಲೀನನೆಂದು ಭಾವಿಸಿ ಸುಮಾರು 1120 ಎನ್ನುವವರು ಕೆಲವರು. ಸುಮಾರು 1190 ಎನ್ನುವವರು ಮತ್ತೆ ಕೆಲವರು. ಶ್ರವಣಬೆಳ್ಗೊಳದ ಶಾಸನವು 1123ರಲ್ಲಿ ಸ್ವರ್ಗಸ್ಥನಾದನೆಂದು ಹೇಳುವ ಶುಭಚಂದ್ರನೇ ಈ ಗುರುವಾದರೆ ಮೊದಲನೆಯ ಪಕ್ಷವು ನಿಲ್ಲುತ್ತದೆ. ಆದರೆ ರಟ್ಟ ನಾಲ್ವಡಿ ಕಾರ್ತವೀರ್ಯನ ಕಾಲದ 1204ರ ಬೆಳಗಾವಿಯ ಶಾಸನದಲ್ಲಿ ರಟ್ಟಜಿನಾಲಯದ ಆಚಾರ್ಯನಾಗಿ ಬೇರೊಬ್ಬ ಶುಭಚಂದ್ರನು ಕಾಣಬರುತ್ತಾನೆ. ರಾಯಬಾಗಕ್ಕೆ ಹತ್ತಿರದವನು ಈತನೇ ಎಂಬುದು ಎರಡನೆಯ ಪಕ್ಷಕ್ಕೆ ಬಲವನ್ನು ಕೊಡುವ ಸಂಗತಿ.

ಈ ಚರ್ಚೆಯು ಬರಿಯ ಕಾಲಗಣನೆಯದಲ್ಲ. ಭಾಸ್ಕರಾಚಾರ್ಯನ ಲೀಲಾವತಿಯು 1150ರ ಕೃತಿ. ರಾಜಾದಿತ್ಯನು 1120ರವನಾದರೆ, ಆ ಹೆಸರು ಭಾಸ್ಕರನಿಗಿಂತ ಮೊದಲೇ ಗಣಿತಗ್ರಂಥಕ್ಕೆ ಸಲ್ಲುತ್ತಿತ್ತೆಂದಾಗುವುದು. 1190ರವನಾದರೆ, ನಾಲ್ವತ್ತು ವರ್ಷಗಳೊಳಗಾಗಿ ಅದು ಕೃಷ್ಣಾತೀರದ ಕನ್ನಡನಾಡಿಗೆ ಹಬ್ಬಿತೆಂದಾಗುವುದು.

ಲೀಲಾವತಿಯು ಭಾಸ್ಕರನ ಮಗಳೆಂಬ ಕಥೆಗೆ ಪ್ರಸಿದ್ಧವಾದ ಆಧಾರ, ಅಕ್ಬರನ ಆಜ್ಞೆಯಂತೆ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಅನುವಾದ. ಘಟಿಕಾಪಾತ್ರೆಯ ರಂಧ್ರಕ್ಕೆ ಮುತ್ತೊಂದು ಸಿಕ್ಕಿ ಲಗ್ನಮುಹೂರ್ತ ತಪ್ಪಿತೆಂದೂ, ತಂದೆಯು ಮಗಳ ಸಮಾಧಾನಕ್ಕಾಗಿ ಗ್ರಂಥಕ್ಕೆ ಅವಳ ಹೆಸರಿಟ್ಟನೆಂದೂ ಆ ಕಥೆ. ಇದು ಮೂಲಗ್ರಂಥಕ್ಕಿಂತ ನಾಲ್ಕು ಶತಮಾನಗಳಷ್ಟು ಈಚಿನದು. ಭಾಸ್ಕರನ ಮೊಮ್ಮಗ ಚಂಗದೇವನ 1207ರ ಪಾಟಣ ಶಾಸನವು ವಂಶಾವಳಿಯನ್ನು ವಿವರಿಸಿದರೂ ಅಂತಹ ಮಗಳನ್ನು ಹೆಸರಿಸುವುದಿಲ್ಲ. ವಂಶಾವಳಿಗಳಲ್ಲಿ ಹೆಣ್ಣುಮಕ್ಕಳನ್ನು ಬಿಡುವುದು ವಾಡಿಕೆಯಾದ್ದರಿಂದ ಈ ಮೌನವೊಂದೇ ಅವಳಿರಲಿಲ್ಲವೆಂಬುದಕ್ಕೆ ಪ್ರಮಾಣವಾಗದು. ಆದರೆ ಮೂಲದಲ್ಲಿ ‘ಬಾಲೆ’ ಎಂಬುದರೊಡನೆ ‘ಮೃಗಾಕ್ಷಿ’, ‘ಕಾಂತೆ’ ಎಂಬ ಸಂಬೋಧನೆಗಳೂ ಇರುವುದು ಮಗಳೆಂಬ ಅರ್ಥಕ್ಕೆ ಒಗ್ಗುವುದಿಲ್ಲ.

ಹೀಗಿದ್ದರೂ ಒಂದು ಸಂಗತಿ ಉಳಿಯುತ್ತದೆ. ಕಥೆಯ ಲೀಲಾವತಿಯು ಮುಹೂರ್ತ ತಪ್ಪಿದ ಕನ್ಯೆಯಷ್ಟೆ. ಗ್ರಂಥದಲ್ಲಿ ಕವಿಯು ಎದುರಿಗಿರಿಸಿಕೊಂಡ ಸ್ತ್ರೀಯಾದರೋ ಪ್ರಶ್ನೆಗೆ ಉತ್ತರ ಹೇಳಬಲ್ಲವಳು. ಆ ಗ್ರಂಥದ ಅಂಕಪಾಶವೆಂಬ ಪ್ರಕರಣದಲ್ಲಿ 2 ರಿಂದ 9ರವರೆಗಿನ ಎಂಟು ಅಂಕಗಳ 40,320 ಸ್ಥಾನಭೇದಗಳನ್ನು ಎಣಿಸಲಾಗಿದೆ. ಅಂಕಪಾಶದ ಬಗೆಯ ಎಣಿಕೆಯೇ ಬೆಳೆದು ಇಂದು ವಿಕಲ್ಪಗಣಿತವಾಗಿದೆ. 1736ರಲ್ಲಿ ಆಯ್ಲರನು ಕ್ಯೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಪ್ರಶ್ನೆಯಿಂದ ಆರಂಭಿಸಿದ ಗ್ರಾಫ್ ಸಿದ್ಧಾಂತವೂ ಅದರ ನೆರೆಯ ಶಾಖೆ. ಇವುಗಳಲ್ಲಿ ಈಗ ಸ್ತ್ರೀಯರು ಸ್ವಂತ ಹೆಸರಿನಿಂದಲೇ ಸಂಶೋಧನೆ ನಡೆಸುತ್ತಿರುವರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು 2008ರಲ್ಲಿ ಭಾರತದ ವಿಜ್ಞಾನಿ ಸ್ತ್ರೀಯರ ಜೀವನಲೇಖನಗಳನ್ನು ‘ಲೀಲಾವತಿಯ ಪುತ್ರಿಯರು’ ಎಂಬರ್ಥದ ಹೆಸರಿನಿಂದ ಪ್ರಕಟಿಸಿತು. ತಾಯಿಯ ಇರವು ಸಂದಿಗ್ಧವಾದರೂ ಪುತ್ರಿಯರ ಇರವು ನಿಸ್ಸಂದಿಗ್ಧ. ರಾಯಬಾಗದ ಕವಿಯು ಕನ್ನಡಕ್ಕೆ ತಂದ ಆ ಹೆಸರು ಈ ರೀತಿಯಲ್ಲಿ ಸಾರ್ಥಕವಾಯಿತೆನ್ನಬಹುದು.